ಮಾಂಸ ಬೆಂದಿತು, ಮನುಷ್ಯ ಬೇಯಲಿಲ್ಲ



ಒಂದು ಹಳೇ ಜಗಳದಿಂದಲೇ ಶುರು ಮಾಡೋಣ. ಮೇ ತಿಂಗಳ ಮಧ್ಯಾಹ್ನ ದೆಹಲಿಯಲ್ಲಿ 44 ಡಿಗ್ರಿ, ಲೂ ಗಾಳಿ ಮುಖಕ್ಕೆ ರಾಚುತ್ತಿರುತ್ತದೆ. ಅದೇ ಹೊತ್ತಿಗೆ ಮುಂಬೈಯಲ್ಲಿ 35 ಡಿಗ್ರಿ, ಆದರೆ ಅಂಗಿ ಬೆನ್ನಿಗೆ ಅಂಟಿಕೊಂಡು ಕೂತಿರುತ್ತದೆ. "ನಿಮ್ಮದೂ ಒಂದು ಸೆಖೆಯೇನ್ರೀ? ಇಲ್ಲಿಗೆ ಬಂದು ನೋಡಿ" ಅಂತ ದೆಹಲಿ ಕನ್ನಡಿಗರು ಫೋನಿನಲ್ಲಿ ರೇಗಿಸುತ್ತಾರೆ. "ಒಣ ಬಿಸಿಲನ್ನು ಹೇಗೋ ತಡೆದುಕೊಳ್ಳಬಹುದು ಮಾರಾಯ್ರೆ, ಈ ಬೆವರನ್ನಲ್ಲ" ಎಂಬುದು ಮುಂಬೈಯವರ ಉತ್ತರ. ಚೆನ್ನೈಯವರು ಇಬ್ಬರ ಮಾತನ್ನೂ ಕೇಳಿ ನಕ್ಕು ಸುಮ್ಮನಾಗುತ್ತಾರೆ!

ಯಾರು ಸರಿ? ನೀವು ದೆಹಲಿಯಲ್ಲಿರಿ, ಚೆನ್ನೈಯಲ್ಲಿರಿ, ಡಿಸೆಂಬರಿನಲ್ಲಿರಿ, ಮೇ ತಿಂಗಳಲ್ಲಿರಿ, ನಾಲಿಗೆಯಡಿ ಥರ್ಮಾಮೀಟರ್ ಇಟ್ಟರೆ ಹೆಚ್ಚು ಕಡಿಮೆ 37 ಡಿಗ್ರಿ ಸೆಲ್ಸಿಯಸ್ಸೇ ತೋರಿಸುತ್ತದೆ. ಹೊರಗೆ ಏನೇ ಆಗಲಿ, ಒಳಗಿನ ಲೆಕ್ಕ ತಪ್ಪುವುದಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷ ಬೇಕಾಯಿತು. ಆ ಉತ್ತರ ಗೊತ್ತಾದರೆ ದೆಹಲಿ-ಮುಂಬೈ ಜಗಳವೂ ತೀರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಒಂದು ಜೀವ ಉಳಿಯಬಹುದು.

ಎದೆಯೊಳಗಿನ ಒಲೆ

ಎರಡನೆಯ ಶತಮಾನದಲ್ಲಿ ರೋಮ್‌ನಲ್ಲಿ ಪ್ರಸಿದ್ಧನಾಗಿದ್ದ ಗ್ರೀಕ್ ವೈದ್ಯ ಗೇಲನ್‌ನ ಪ್ರಕಾರ ಹೃದಯವೇ ಒಂದು ಒಲೆ. ಹುಟ್ಟುವಾಗಲೇ ಅದರಲ್ಲಿ ಬೆಂಕಿ ಹಚ್ಚಿರುತ್ತದೆ. ನಾವು ಉಸಿರಾಡುವುದು ಆ ಬೆಂಕಿ ಅತಿಯಾಗದಂತೆ ಗಾಳಿ ಹಾಕಿ ತಣಿಸುವುದಕ್ಕೆ. ಯುರೋಪಿನ ವೈದ್ಯರು ಇದನ್ನು ಸಾವಿರದೈನೂರು ವರ್ಷ ನಂಬಿಕೊಂಡಿದ್ದರು. ಉಷ್ಣವಲಯದವರ ದೇಹವೇ ಹೆಚ್ಚು ಬಿಸಿ, ಉತ್ತರದ ಚಳಿಯವರ ದೇಹವೇ ತಣ್ಣಗೆ ಎಂಬ ನಂಬಿಕೆಯೂ ಇತ್ತು. 1578ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನಿಸ್ ಹಾಸ್ಲರ್ ಎಂಬ ವೈದ್ಯ ಯಾವ ಅಕ್ಷಾಂಶದವರ ದೇಹ ಎಷ್ಟು ಬಿಸಿ ಎಂದು ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದ. ಅಳತೆ ಮಾಡಿ ಅಲ್ಲ, ಊಹೆಯಿಂದ. ಅಳೆಯುವುದಕ್ಕೆ ಆಗ ಉಪಕರಣವಾದರೂ ಎಲ್ಲಿತ್ತು?

ಅಳೆಯುವ ಹುಚ್ಚು ಹಿಡಿದದ್ದು ಇಟಲಿಯ ಸ್ಯಾಂಟೋರಿಯೊಗೆ. ಪಡುವಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಈತ ಗಾಳಿ ತುಂಬಿದ ಗಾಜಿನ ಕೊಳವೆಗೆ ಗೆರೆ ಹಾಕಿ, ಅದರ ಬುರುಡೆಯನ್ನು ರೋಗಿಯ ಬಾಯಲ್ಲಿಟ್ಟು ಶಾಖ ನೋಡಲು ಹೊರಟವನು. ಅದಕ್ಕಿಂತ ದೊಡ್ಡ ಸಾಹಸವೆಂದರೆ ಅವನ ಕುರ್ಚಿ. ದೊಡ್ಡ ತಕ್ಕಡಿಗೆ ಒಂದು ಕುರ್ಚಿ ನೇತುಹಾಕಿ ಅದರಲ್ಲಿ ಕೂತು ಉಂಡ, ಮಲಗಿದ, ಕೆಲಸ ಮಾಡಿದ. ತಿಂದದ್ದು, ಕುಡಿದದ್ದು, ಹೊರಹೋದದ್ದು ಎಲ್ಲವನ್ನೂ ತೂಗಿದ. ಹೀಗೆ ಮೂವತ್ತು ವರ್ಷ! 1614ರಲ್ಲಿ ಪುಸ್ತಕ ಬರೆದು ಪ್ರಕಟಿಸಿದ ಅವನ ಲೆಕ್ಕ ವಿಚಿತ್ರವಾಗಿತ್ತು. ದಿನಕ್ಕೆ ಎಂಟು ಪೌಂಡ್ ಅನ್ನ-ನೀರು ಒಳಹೋದರೆ ಅದರಲ್ಲಿ ಐದು ಪೌಂಡ್ ಮಲಮೂತ್ರದಲ್ಲಿ ಸಿಗುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಚರ್ಮ ಮತ್ತು ಉಸಿರಿನ ಮೂಲಕ ಹಾರಿಹೋಗುತ್ತದೆ. ಯಾಕೆ ಹಾರಿಹೋಗುತ್ತದೆ, ಅದರಿಂದ ದೇಹಕ್ಕೆ ಏನು ಪ್ರಯೋಜನ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಆ ಸುಳಿವು ಸಿಗುವ ಹೊತ್ತಿಗೆ ಮತ್ತೆ ನೂರೈವತ್ತು ವರ್ಷ ಹೋಯಿತು. ಈ ನಡುವೆ 1714ರಲ್ಲಿ ಫ್ಯಾರನ್‌ಹೀಟ್ ಪಾದರಸದ ಥರ್ಮಾಮೀಟರ್ ತಯಾರಿಸಿದ. 1758ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಥರ್ಮಾಮೀಟರಿನ ಬುರುಡೆಗೆ ಈಥರ್ ಸವರಿ, ತಿದಿಯಿಂದ ಗಾಳಿ ಊದಿದ. ಈಥರ್ ಆರುತ್ತಿದ್ದಂತೆ ಪಾದರಸ ಇಳಿಯಿತು. ಮತ್ತೆ ಸವರಿ ಊದಿದರೆ ಮತ್ತೆ ಇಳಿಯಿತು. ಕೊನೆಗೆ ಬುರುಡೆಯ ಸುತ್ತ ಮಂಜುಗಡ್ಡೆ ಕಟ್ಟಿತು! ಫ್ರಾಂಕ್ಲಿನ್‌ಗೆ ಫಿಲಡೆಲ್ಫಿಯಾದ ಒಂದು ಬೇಸಿಗೆಯ ದಿನ ನೆನಪಾಯಿತು. ಅವತ್ತು ನೆರಳಲ್ಲೇ ನೂರು ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿದ ಕುರ್ಚಿ, ಮೇಜು ಎಲ್ಲ ಮೈಗಿಂತ ಬಿಸಿ. ಆದರೂ ತಾನು ಮಾತ್ರ ಅಷ್ಟು ಬಿಸಿಯಾಗಲಿಲ್ಲ. ಬೆವರುತ್ತಿದ್ದೆ, ಬೆವರು ಆರುತ್ತಿತ್ತು, ಅದೇ ಕಾರಣ ಇರಬೇಕು ಎಂದು ಗೆಳೆಯನಿಗೆ ಕಾಗದ ಬರೆದ.

ನಮಗೆ ಇದು ಹೊಸದೇನಲ್ಲ ಬಿಡಿ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದನ್ನು ನೋಡಿಯೇ ಬೆಳೆದವರು ನಾವು. ಹೂಜಿಯ ಮೈ ಬೆವರುತ್ತದೆ, ಆ ಬೆವರು ಆರುತ್ತದೆ, ಆರುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಮನುಷ್ಯನೂ ಒಂದು ಹೂಜಿಯೇ ಎಂದು ಸಾಬೀತು ಮಾಡಬೇಕಾಗಿತ್ತು, ಅಷ್ಟೆ.

ಲಂಡನ್ನಿನ ಕಾದ ಕೋಣೆ

1774ರ ಜನವರಿ 23. ಹೊರಗೆ ಲಂಡನ್ನಿನ ಚಳಿ. ಡಾಕ್ಟರ್ ಜಾರ್ಜ್ ಫೋರ್ಡೈಸ್ ಕೆಲವು ಗೆಳೆಯರನ್ನು ಆಹ್ವಾನಿಸಿದ್ದ. ಊಟಕ್ಕಲ್ಲ, ಕಾದ ಕೋಣೆಯೊಳಗೆ ಹೋಗಿ ಕೂರುವುದಕ್ಕೆ.

ಬಂದವರೇನು ಸಾಮಾನ್ಯರೇ? ಕ್ಯಾಪ್ಟನ್ ಕುಕ್‌ನ ಜೊತೆ 1768ರಿಂದ 1771ರವರೆಗೆ ಭೂಮಿ ಸುತ್ತಿ ಬಂದ ಸಸ್ಯವಿಜ್ಞಾನಿಗಳಾದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೋಲಾಂಡರ್. ಅದರ ಹಿಂದಿನ ವರ್ಷವಷ್ಟೇ ಉತ್ತರ ಧ್ರುವದ ಕಡೆ ಹಡಗು ನಡೆಸಿದ್ದ ಕ್ಯಾಪ್ಟನ್ ಫಿಪ್ಸ್. ಇವರ ಜೊತೆ ಚಾರ್ಲ್ಸ್ ಬ್ಲಾಗ್ಡನ್ ಎಂಬ ಯುವ ವೈದ್ಯ. ನೋಡಿದ್ದನ್ನೆಲ್ಲ ಬರೆದಿಟ್ಟು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1775ರಲ್ಲಿ ಪ್ರಕಟಿಸಿದವನು ಇವನೇ.

ಕೋಣೆಯ ನಡುವೆ ಕೆಂಪಗೆ ಕಾದ ಕಬ್ಬಿಣದ ಒಲೆ. ಮೊದಲು 65 ಡಿಗ್ರಿ ಸೆಲ್ಸಿಯಸ್ ಸುಮಾರಿನ ಶಾಖ. ಎಲ್ಲರೂ ಬಟ್ಟೆ ತೊಟ್ಟೇ ಒಳಹೋದರು. ಏನೂ ಆಗಲಿಲ್ಲ. ಶಾಖ ಏರಿಸಿದರು. ಕೊನೆಗೆ ನೀರು ಕುದಿಯುವ ಮಟ್ಟಕ್ಕೆ, 99 ಡಿಗ್ರಿಗೆ ಬಂದಾಗ ಬ್ಯಾಂಕ್ಸ್ ಒಬ್ಬನೇ ಒಳಹೋಗಿ ಹೊರಬಂದ. ಗಡಿಯಾರದ ಲೋಹದ ಸರಪಳಿ ಮುಟ್ಟಲಾಗದಷ್ಟು ಸುಡುತ್ತಿತ್ತು. ಉಸಿರು ಮಾತ್ರ ಮೂಗಿನ ಹೊಳ್ಳೆಗೆ ತಣ್ಣಗೆ ತಾಗುತ್ತಿತ್ತು. ಥರ್ಮಾಮೀಟರಿನ ಮೇಲೆ ಬಾಯಿಂದ ಊದಿದರೆ ಪಾದರಸ ಏರುವುದರ ಬದಲು ಇಳಿಯುತ್ತಿತ್ತು!

ಏಪ್ರಿಲ್ 3ರಂದು ಮತ್ತೆ ಸೇರಿದರು. ಈ ಸಲ 260 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 127 ಡಿಗ್ರಿ ಸೆಲ್ಸಿಯಸ್. ಬ್ಲಾಗ್ಡನ್ ಒಳಗೆ ಎಂಟು ನಿಮಿಷ ನಿಂತ. ನಾಡಿ ಎರಡು ಪಟ್ಟಾಯಿತು, ನಿಮಿಷಕ್ಕೆ 144. ತನ್ನ ಪಕ್ಕೆ ಮುಟ್ಟಿ ನೋಡಿಕೊಂಡರೆ ಹೆಣದ ಹಾಗೆ ತಣ್ಣಗಿತ್ತು. ಅದು ಅವನದೇ ಹೋಲಿಕೆ.

ಇದೇನು ಥರ್ಮಾಮೀಟರೇ ಸುಳ್ಳು ಹೇಳುತ್ತಿದೆಯೇ ಎಂಬ ಅನುಮಾನ ಯಾರಿಗಾದರೂ ಬರಬಹುದಲ್ಲ, ಅದಕ್ಕೂ ವ್ಯವಸ್ಥೆ ಇತ್ತು. ಅದೇ ಕೋಣೆಯಲ್ಲಿ ತಗಡಿನ ಮೇಲೆ ಮೊಟ್ಟೆ ಇಟ್ಟರು, ಇಪ್ಪತ್ತು ನಿಮಿಷದಲ್ಲಿ ಬೆಂದು ಗಟ್ಟಿಯಾಯಿತು. ದನದ ಮಾಂಸದ ತುಂಡು ಇಟ್ಟರು, ಮುಕ್ಕಾಲು ಗಂಟೆಯಲ್ಲಿ ಬೆಂದು ಒಣಗಿಯೇ ಹೋಯಿತು. ತಿದಿಯಿಂದ ಬಿಸಿ ಗಾಳಿ ಊದಿದಾಗ ಇನ್ನೊಂದು ತುಂಡು ಹದಿಮೂರೇ ನಿಮಿಷದಲ್ಲಿ ಬೆಂದಿತು. ಒಂದು ನಾಯಿಯನ್ನು ಕಾಲು ಸುಡದಂತೆ ಬುಟ್ಟಿಯಲ್ಲಿ ಕೂರಿಸಿ ಅರ್ಧ ಗಂಟೆ ಒಳಗಿಟ್ಟರು. ನಾಲಿಗೆ ಚಾಚಿ ಏದುಸಿರು ಬಿಟ್ಟಿತೇ ಹೊರತು ಅದಕ್ಕೇನೂ ಆಗಲಿಲ್ಲ. ಒಂದೇ ಕೋಣೆ, ಒಂದೇ ಗಾಳಿ. ಸತ್ತ ಮಾಂಸ ಬೆಂದಿತು, ಬದುಕಿದ್ದ ಮಾಂಸ ಬೇಯಲಿಲ್ಲ.

ಹಾಗಾದರೆ ಜೀವ ಎಂಬುದಕ್ಕೇ ಏನೋ ಮಾಯಾಶಕ್ತಿ ಇದೆಯೇ? ಬ್ಲಾಗ್ಡನ್‌ಗೆ ಹಾಗನ್ನಿಸಿತು. ಬೆವರು ಆರುವುದರಿಂದ ಸಹಾಯವಾಗುತ್ತದೆಂದು ಒಪ್ಪಿದರೂ, ಶಾಖವನ್ನು ನಾಶಮಾಡುವ ಶಕ್ತಿಯೊಂದು ಜೀವಂತ ದೇಹಕ್ಕಿದೆ ಎಂಬ ಮಾತನ್ನು ಅವನು ಬಿಡಲಿಲ್ಲ. ತಮಾಷೆ ಎಂದರೆ ನಿಜವಾದ ಉತ್ತರ ಅವನ ಕಣ್ಣೆದುರೇ ಇತ್ತು. ಕೋಣೆಯಲ್ಲಿ ಎರಡು ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟಿದ್ದರು. ಸುತ್ತಲ ಗಾಳಿ ಕುದಿಬಿಂದು ದಾಟಿದ್ದರೂ ಒಂದೂವರೆ ಗಂಟೆಯಾದರೂ ನೀರು ಕುದಿಯಲಿಲ್ಲ. ಮೇಲೆ ಸ್ವಲ್ಪ ಎಣ್ಣೆ ಹಾಕಿದರು. ಎಣ್ಣೆಯ ಪದರ ನೀರು ಆವಿಯಾಗದಂತೆ ತಡೆಯಿತು. ಆಮೇಲೆ ನೀರು ಕೊತಕೊತ ಕುದಿಯಿತು. ಆವಿಯಾಗಲು ಬಿಟ್ಟರೆ ನೀರೂ ತನ್ನನ್ನು ತಾನೇ ತಣ್ಣಗಿಟ್ಟುಕೊಳ್ಳುತ್ತದೆ. ಅದಕ್ಕೆ ಜೀವವೇ ಬೇಕೆಂದಿಲ್ಲ.

ಇನ್ನೊಂದು ಕೋಣೆ, ಇನ್ನೊಂದು ಪಾಠ

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಮಗೆ, ಅದರಲ್ಲೂ ಮುಂಬೈ ಮತ್ತು ಚೆನ್ನೈಯಲ್ಲಿ ಬದುಕುವವರಿಗೆ, ಹೆಚ್ಚು ಮುಖ್ಯವಾದದ್ದು ಫೋರ್ಡೈಸ್ ಅದಕ್ಕೂ ಮೊದಲು ಒಬ್ಬನೇ ಮಾಡಿಕೊಂಡಿದ್ದ ಇನ್ನೊಂದು ಪ್ರಯೋಗ.

ಅವನ ಆ ಕೋಣೆ ಒಣ ಕೋಣೆಯಲ್ಲ. ಕಾದ ನೆಲಕ್ಕೆ ಕುದಿವ ನೀರು ಸುರಿದು ಹಬೆ ತುಂಬಿಸಿದ ಕೋಣೆ. ಶಾಖ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮಾತ್ರ. ಬ್ಲಾಗ್ಡನ್ ನಿಂತ ಕೋಣೆಯ ಅರ್ಧವೂ ಇಲ್ಲ. ಆದರೂ ಕಾಲು ಗಂಟೆಗೆಲ್ಲ ಸಾಕುಸಾಕಾಯಿತು. ಮೈಮೇಲೆ ನೀರು ಧಾರೆಧಾರೆಯಾಗಿ ಹರಿಯಿತು. ಇದೆಲ್ಲ ಬೆವರೇ? ಫೋರ್ಡೈಸ್ ಜಾಣ. ಮೈಯಷ್ಟೇ ಬಿಸಿ ಇರುವ ನೀರು ತುಂಬಿದ ಗಾಜಿನ ಬುರುಡೆಯನ್ನು ಕೋಣೆಯೊಳಗೆ ತಂದ. ಬುರುಡೆಯ ಮೈಮೇಲೂ ಹಾಗೆಯೇ ನೀರು ಹರಿಯಿತು. ಗಾಜು ಬೆವರುತ್ತದೆಯೇ? ಗಾಳಿಯಲ್ಲಿದ್ದ ಹಬೆಯೇ ಮೈಮೇಲೆ ನೀರಾಗಿ ಕೂರುತ್ತಿತ್ತು. ಆರುವಾಗ ಶಾಖ ಒಯ್ಯಬೇಕಾದ ನೀರು, ಇಲ್ಲಿ ತಾನೇ ಶಾಖ ತಂದು ಮೈಗೆ ಸುರಿಯುತ್ತಿತ್ತು.

1806ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಫ್ರಾನ್ಸ್ವಾ ದೆಲಾರೋಶ್ ಈ ವಿಷಯದ ಗಂಟು ಬಿಡಿಸಿದ. ಪ್ರಾಣಿಗಳನ್ನು ಹಬೆ ತುಂಬಿದ ಬಿಸಿ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಅವುಗಳ ಮೈಶಾಖ ಏರುತ್ತಲೇ ಹೋಯಿತು, ಸುತ್ತಲ ಗಾಳಿಯನ್ನೂ ಮೀರಿತು. ಶಾಖವನ್ನು ನಾಶಮಾಡುವ ಮಾಯಾಶಕ್ತಿ ಇದ್ದಿದ್ದರೆ ಅದು ಹಬೆಯಲ್ಲೂ ಕೆಲಸ ಮಾಡಬೇಕಿತ್ತಲ್ಲವೇ? ಮಾಡಲಿಲ್ಲ. ಇದ್ದದ್ದು ಬೆವರು ಒಂದೇ. ಅದೂ ಬರೀ ಸುರಿದರೆ ಸಾಲದು, ಆರಬೇಕು. ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಶಾಖ ಬರುವುದೆಲ್ಲಿಂದ?

ಹೊರಗೆ ಹೋಗುವ ಲೆಕ್ಕವಾಯಿತು, ಒಳಗೆ ಹುಟ್ಟುವ ಲೆಕ್ಕ? ಅದನ್ನು ಹಿಡಿದವನು ಫ್ರಾನ್ಸಿನ ಲವಾಸಿಯೆ. 1783ರ ಸುಮಾರಿಗೆ ಲಾಪ್ಲಾಸ್ ಎಂಬ ಗಣಿತಜ್ಞನ ಜೊತೆ ಸೇರಿ ಒಂದು ಗಿನಿ ಇಲಿಯನ್ನು ಮಂಜುಗಡ್ಡೆ ಸುತ್ತುವರಿದ ಪೆಟ್ಟಿಗೆಯಲ್ಲಿಟ್ಟ. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದು ಬಿಟ್ಟ ಉಸಿರಿನಲ್ಲಿ ಎಷ್ಟು ಇಂಗಾಲದ ಅನಿಲ ಇತ್ತು ಎಂದು ಅಳೆದ. ಅಷ್ಟೇ ಅನಿಲ ಬರುವಂತೆ ಇದ್ದಿಲು ಸುಟ್ಟರೆ ಕರಗುವ ಮಂಜಿನ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ ಬಂತು. ಅಂದರೆ ಉಸಿರಾಟವೂ ಒಂದು ಬಗೆಯ ಉರಿಯುವಿಕೆ. ಉಸಿರು ಒಲೆಯನ್ನು ತಣಿಸುವುದಿಲ್ಲ, ಒಲೆಗೆ ಬೇಕಾದ ಗಾಳಿ ಒದಗಿಸುತ್ತದೆ. ಗೇಲನ್ ಹೇಳಿದ್ದು ತಿರುಗುಮುರುಗಾಯಿತು.

ಲವಾಸಿಯೆ ಅಲ್ಲಿಗೇ ನಿಲ್ಲಲಿಲ್ಲ. 1790ರ ಸುಮಾರಿಗೆ ಸೆಗ್ಯಾಂ ಎಂಬ ತನ್ನ ಸಹಾಯಕನನ್ನು ಗಾಳಿಯಾಡದ ರೇಷ್ಮೆ ಚೀಲದೊಳಗೆ ಕೂರಿಸಿ ಬೆವರಿನ ತೂಕ ನೋಡತೊಡಗಿದ. ಉಸಿರಾಟ ಶಾಖ ಹುಟ್ಟಿಸುತ್ತದೆ, ಬೆವರು ಅದನ್ನು ಹೊರಗೊಯ್ಯುತ್ತದೆ, ಊಟ ಸೌದೆ ಒದಗಿಸುತ್ತದೆ, ಈ ಮೂರರ ಹೊಂದಾಣಿಕೆಯೇ ಆರೋಗ್ಯ ಎಂಬ ತೀರ್ಮಾನಕ್ಕೆ ಬಂದ. ಕೆಲಸ ಮುಗಿಸಲು ಕಾಲ ಬಿಡಲಿಲ್ಲ. ಫ್ರಾನ್ಸಿನ ಕ್ರಾಂತಿಯಲ್ಲಿ, 1794ರ ಮೇ 8ರಂದು ಲವಾಸಿಯೆಯ ತಲೆ ಗಿಲೊಟಿನ್‌ಗೆ ಉರುಳಿತು.

ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮ್ಮನೆ ಕೂತ ಮನುಷ್ಯ 80ರಿಂದ 100 ವ್ಯಾಟಿನ ಹಳೇ ಬಲ್ಬಿನಷ್ಟು ಶಾಖ ಉತ್ಪಾದಿಸುತ್ತಾನೆ. ಅದು ಹೊರಗೆ ಹೋಗದಿದ್ದರೆ ಮೈಬಿಸಿ ಗಂಟೆಗೆ ಒಂದು ಡಿಗ್ರಿಗೂ ಹೆಚ್ಚು ಏರುತ್ತದೆ. ನಮ್ಮ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮಾತ್ರ ಲಾಭ ಸೊನ್ನೆ. ಉಪ್ಪು-ನೀರು ನಷ್ಟ, ಅಷ್ಟೆ.

ಮೀಟರ್ ಇರುವುದು ತಲೆಯಲ್ಲಿ

ಬೆವರು ಯಾವಾಗ ಸುರಿಯಬೇಕು, ಮೈ ಯಾವಾಗ ನಡುಗಬೇಕು ಎಂದು ಹೇಳುವವರು ಯಾರು? 1851-52ರಲ್ಲಿ ಪ್ಯಾರಿಸ್‌ನ ಕ್ಲಾಡ್ ಬರ್ನಾರ್ಡ್ ಮೊಲದ ಕತ್ತಿನಲ್ಲಿರುವ ಒಂದು ನರ ಕತ್ತರಿಸಿದಾಗ ಆ ಬದಿಯ ಕಿವಿ ಕೆಂಪಾಗಿ ಬಿಸಿಯಾಯಿತು. ರಕ್ತನಾಳಗಳನ್ನು ಬಿಗಿಹಿಡಿಯುವ, ಸಡಿಲಿಸುವ ಕೆಲಸ ನರಗಳದ್ದು ಎಂದು ತಿಳಿಯಿತು. ಸೆಖೆಯಲ್ಲಿ ಮುಖ ಕೆಂಪಾಗುವುದು ಹೀಗೇ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ತಣ್ಣಗಾಗಿ ಮರಳುತ್ತದೆ. ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುವುದು ಇದರ ಉಲ್ಟಾ.

1912ರಲ್ಲಿ ಹೆನ್ರಿ ಬಾರ್ಬರ್ ಎಂಬ ವಿಜ್ಞಾನಿ ಇನ್ನೂ ಚಮತ್ಕಾರದ ಪ್ರಯೋಗ ಮಾಡಿದ. ಮೊಲದ ಮೆದುಳಿನ ತಳಭಾಗಕ್ಕೆ ಸಣ್ಣ ಕೊಳವೆ ಇಳಿಸಿ ಅದರಲ್ಲಿ ಬಿಸಿನೀರು ಹರಿಸಿದ. ಮೊಲದ ಮೈ ತಣ್ಣಗಾಯಿತು! ತಣ್ಣೀರು ಹರಿಸಿದ. ಮೈ ಬಿಸಿಯೇರಿತು! ಮೆದುಳು ಮೋಸ ಹೋಗಿತ್ತು. ತನ್ನ ಸುತ್ತ ಬಿಸಿಯಾದರೆ ಇಡೀ ಮೈ ಬಿಸಿಯಾಗಿದೆ ಎಂದುಕೊಂಡು ತಣಿಸುವ ಆಜ್ಞೆ ಕಳಿಸುತ್ತಿತ್ತು. ಫ್ರಿಜ್ಜಿನಲ್ಲಿರುವ ಥರ್ಮೋಸ್ಟಾಟ್‌ನಂಥ ಆ ಭಾಗಕ್ಕೆ ಹೈಪೊಥಲಾಮಸ್ ಎಂದು ಹೆಸರು. ಗಾತ್ರ ಒಂದು ಬಾದಾಮಿಯಷ್ಟು.

ಇನ್ನು ಆ 37 ಎಂಬ ಅಂಕಿ. ಅದು ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಕ್‌ನ ಕೊಡುಗೆ. ಸುಮಾರು 25,000 ರೋಗಿಗಳ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಗುಡ್ಡೆಹಾಕಿ 1868ರಲ್ಲಿ ಪುಸ್ತಕ ಬರೆದ. ಈಗಿನ ಅಳತೆಗಳಲ್ಲಿ ಸರಾಸರಿ ಅದಕ್ಕಿಂತ ತುಸು ಕಡಿಮೆ ಬರುತ್ತದೆ. ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು. ಆದ್ದರಿಂದ 37.2 ಬಂತೆಂದು ಗಾಬರಿ ಬೀಳಬೇಡಿ.

ಇಲ್ಲೊಂದು ವ್ಯತ್ಯಾಸ ಗೊತ್ತಿರಲೇಬೇಕು. ಜ್ವರ ಬಂದಾಗ ಮೆದುಳು ತಾನಾಗಿಯೇ ಥರ್ಮೋಸ್ಟಾಟನ್ನು ಮೇಲಕ್ಕೆ ತಿರುಗಿಸುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ಚಳಿ ಚಳಿ ಎಂದು ಕಂಬಳಿ ಹೊದೆಯುತ್ತೇವೆ. ಪ್ಯಾರಾಸಿಟಮಾಲ್ ಆ ತಿರುಗಣೆಯನ್ನು ಕೆಳಗಿಳಿಸುತ್ತದೆ. ಬಿಸಿಲಿನ ಆಘಾತದಲ್ಲಿ ತಿರುಗಣೆ ಸರಿಯಾಗೇ ಇರುತ್ತದೆ, ತಣಿಸುವ ಯಂತ್ರ ಸೋತಿರುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯುತ್ತಾ ಕೂತರೆ ಅಮೂಲ್ಯ ಸಮಯ ಕಳೆದಂತೆ.

ಗಣಿಯ ಆಳದಲ್ಲಿ

ಲಂಡನ್ನಿನ ಪ್ರಯೋಗ ಶ್ರೀಮಂತರ ಕುತೂಹಲ. ಹೊರಗೆ ಬರಬೇಕೆನಿಸಿದಾಗ ಬಾಗಿಲು ತೆರೆದರಾಯಿತು. ಹೊಟ್ಟೆಪಾಡಿಗಾಗಿ ಅಂಥ ಶಾಖದಲ್ಲಿ ದಿನವಿಡೀ ದುಡಿಯುವವರ ಗತಿ?

ಈ ಪ್ರಶ್ನೆ ಕೇಳಿದವನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಪತ್ತೆಗೆ ಕ್ಯಾನರಿ ಹಕ್ಕಿ ಒಯ್ಯಿರೆಂದು ಸಲಹೆ ಕೊಟ್ಟವನೂ ಇವನೇ. ಮುಂದೆ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಇವನ ಮಗ. ಅಪ್ಪ ಹಾಲ್ಡೇನ್ ಕಾರ್ನ್‌ವಾಲ್‌ನ ಬಿಸಿ ಗಣಿಗಳಿಗೆ ಇಳಿದು, ಪ್ರಯೋಗದ ಕೋಣೆಗಳಲ್ಲಿ ತಾನೇ ಕೂತು 1905ರಲ್ಲಿ ಪ್ರಕಟಿಸಿದ ಮಾತಿದು: ಸಾಮಾನ್ಯ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಎಂಬುದು ಮುಖ್ಯವಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಎಂಬುದು ಮುಖ್ಯ.

ಒದ್ದೆ ಬಟ್ಟೆಯ ಥರ್ಮಾಮೀಟರ್ ಅಂದರೆ ಬೆವರಿದ ಮನುಷ್ಯ ಅಂದುಕೊಳ್ಳಿ. ಗಾಳಿ ಒಣಗಿದ್ದರೆ ಬಟ್ಟೆ ಬೇಗ ಆರುತ್ತದೆ, ಪಾದರಸ ಕೆಳಗಿಳಿಯುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಬಟ್ಟೆ ಆರುವುದಿಲ್ಲ, ಪಾದರಸ ಇಳಿಯುವುದಿಲ್ಲ. ಗಾಳಿಯಾಡದ ಜಾಗದಲ್ಲಿ ಈ ಒದ್ದೆ ಅಳತೆ 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುಮ್ಮನೆ ಕೂತವನ ಮೈಬಿಸಿಯೂ ಏರತೊಡಗುತ್ತದೆ ಎಂದು ಹಾಲ್ಡೇನ್ ಕಂಡುಕೊಂಡ.

ಈ ಪಾಠ ನಮ್ಮ ಕೋಲಾರಕ್ಕೂ ಬಂತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತಿತ್ತು. ಧೂಳು ಅಡಗಿಸಲು ಸಿಂಪಡಿಸುವ ನೀರಿನಿಂದ ಗಾಳಿ ಹಬೆಯಾಗುತ್ತಿತ್ತು. ಅಲ್ಲಿ ಬಂಡೆ ಕೊರೆಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ಬಡವರು. 1939ರಲ್ಲಿ ಊರಿಗಾಂ ಗಣಿಯಲ್ಲಿ, ಒಳಗೆ ಹೋಗುವ ಗಾಳಿಯನ್ನು ಮೇಲೆಯೇ ತಣ್ಣಗೆ ಮಾಡಿ ಕಳಿಸುವ ಯಂತ್ರಸ್ಥಾವರ ಬಂತು. ಬೆಂಗಳೂರಿನ ಮನೆಗಳಿಗೆ ಏಸಿ ಎಂಬ ಪದವೇ ಗೊತ್ತಿಲ್ಲದ ಕಾಲ ಅದು! 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಲಿಂಡ್ಸೆ ಎಂಬಿಬ್ಬರು ಕೋಲಾರದಲ್ಲೇ, ಆಳದ ಗಣಿಯ ಶಾಖದಲ್ಲಿ ದುಡಿಯುವವರ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ ಎಂದು ಪರೀಕ್ಷಿಸಿದರು. ಲೋಕದ ಶಾಖವಿಜ್ಞಾನದಲ್ಲಿ ಕೋಲಾರದ ಹೆಸರು ಉಳಿದದ್ದು ಹೀಗೆ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಈಗ ಜಗಳ ತೀರಿಸೋಣ

ದೆಹಲಿಯ 44 ಡಿಗ್ರಿಗೆ ತೇವಾಂಶ ಶೇಕಡಾ 15 ಇದೆ ಎನ್ನೋಣ. ಒದ್ದೆ ಬಟ್ಟೆಯ ಲೆಕ್ಕದಲ್ಲಿ ಅದು ಸುಮಾರು 23 ಡಿಗ್ರಿ. ಮುಂಬೈಯ 35 ಡಿಗ್ರಿಗೆ ತೇವಾಂಶ ಶೇಕಡಾ 70 ಇದ್ದರೆ ಒದ್ದೆ ಬಟ್ಟೆಯ ಲೆಕ್ಕ 30! ಹಾಲ್ಡೇನ್ ಹೇಳಿದ ಗೆರೆಗೆ ಒಂದೇ ಮೆಟ್ಟಿಲು. ಮುಂಬೈ-ಚೆನ್ನೈಯವರ ದೂರಿನಲ್ಲಿ ಹುರುಳಿದೆ, ಒಪ್ಪಿಕೊಳ್ಳಿ. ನಮ್ಮ ಹವಾಮಾನ ಇಲಾಖೆಯೂ ಶಾಖದ ಅಲೆ ಘೋಷಿಸಲು ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ ಎಂದರೆ ಕರಾವಳಿಗೆ 37 ಡಿಗ್ರಿ ಎನ್ನುತ್ತದೆ. ದೆಹಲಿಯ ಕೂಲರ್ ಮೇ ತಿಂಗಳಲ್ಲಿ ಸ್ವರ್ಗವಾಗಿ ಜುಲೈನಲ್ಲಿ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಹಾಗೆಂದು ದೆಹಲಿಯವರು, ಹೈದರಾಬಾದಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ಬ್ಲಾಗ್ಡನ್ ನಿಂತದ್ದು ಎಂಟು ನಿಮಿಷ, ನಮ್ಮ ಬಿಸಿಲು ಎಂಟು ಗಂಟೆ. ಒಣ ಬಿಸಿಲಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋದರೂ ಮೈ ಒದ್ದೆಯೆನಿಸುವುದಿಲ್ಲ, ಹೋದದ್ದೇ ಗೊತ್ತಾಗುವುದಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿ ಮುಟ್ಟಿದಾಗ ಆ ತಿಂಗಳು ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದವು. ಆ ಊರು 2013ರಲ್ಲಿ ಮುನ್ನೆಚ್ಚರಿಕೆಯ ಯೋಜನೆ ರೂಪಿಸಿ ದೇಶಕ್ಕೇ ಮಾದರಿಯಾಯಿತು. 2015ರ ಮೇ ತಿಂಗಳಲ್ಲಿ ಆಂಧ್ರ, ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಇತ್ತ 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ಬಯಲು ಸಮಾರಂಭವೊಂದಕ್ಕೆ ಬಂದಿದ್ದವರಲ್ಲಿ 14 ಮಂದಿ ಬಿಸಿಲಿಗೆ ಬಲಿಯಾದರು. ಅವತ್ತಿನ ಉಷ್ಣಾಂಶ ಸುಮಾರು 38 ಡಿಗ್ರಿ ಮಾತ್ರ. ದೆಹಲಿಯವರು ಕೇಳಿದರೆ ನಗುವಷ್ಟು!

ಒದ್ದೆ ಅಳತೆ 35 ಡಿಗ್ರಿ ಮುಟ್ಟಿದರೆ ಯಾವ ಮನುಷ್ಯನೂ ಬಹಳ ಹೊತ್ತು ಬದುಕಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಹುಡುಗ-ಹುಡುಗಿಯರನ್ನೇ ಪರೀಕ್ಷಿಸಿದಾಗ, ತೇವ ಹೆಚ್ಚಿರುವ ಗಾಳಿಯಲ್ಲಿ 31ರ ಆಸುಪಾಸಿಗೇ ಮೈಬಿಸಿ ಹಿಡಿತ ತಪ್ಪತೊಡಗಿತು. ನೂರು ವರ್ಷದ ಹಿಂದೆ ಹಾಲ್ಡೇನ್ ಹೇಳಿದ ಅಂಕಿಯೇ!

ಕೊನೆಗೆ ಮನೆಮಾತು. ಏಪ್ರಿಲ್ ರಜೆಯಲ್ಲಿ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರಲ್ಲ, ಅವರ ಕಡೆ ಗಮನವಿರಲಿ. ಹೊಸ ಸೆಖೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಮಡಿಕೇರಿಯಿಂದಲೋ ಶಿರಸಿಯಿಂದಲೋ ಬಂದವರನ್ನು ಮರುದಿನವೇ ಚೆನ್ನೈಯ ಮಧ್ಯಾಹ್ನ ದೇವಸ್ಥಾನ ಸುತ್ತಿಸಬೇಡಿ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವೂ ಕುಗ್ಗುತ್ತದೆ. "ನನಗೆ ದಾಹವಿಲ್ಲ" ಎಂದರೂ ಮಜ್ಜಿಗೆಯನ್ನೋ ಪಾನಕವನ್ನೋ ಕೈಗಿಡಿ. ಚರ್ಮಕ್ಕೆ ರಕ್ತ ಕಳಿಸಲು ಹೃದಯ ಹೆಚ್ಚು ದುಡಿಯಬೇಕು. ಹಾಗಾಗಿ ಹೃದಯದ ಕಾಯಿಲೆ ಇರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಲಿ. ಫ್ಯಾನ್ ಒಳ್ಳೆಯದೇ, ಆದರೆ ಕೋಣೆಯೇ 40 ಡಿಗ್ರಿ ದಾಟಿದ್ದರೆ ಬರೀ ಫ್ಯಾನ್ ನಂಬಬೇಡಿ. ತಿದಿ ಊದಿದಾಗ ಮಾಂಸ ಬೇಗ ಬೆಂದದ್ದು ನೆನಪಿದೆಯಲ್ಲ?

ಬಿಸಿಲಿನಲ್ಲಿದ್ದವರ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಕುಸಿದರೆ ಅದು ಬಿಸಿಲಿನ ಆಘಾತ. ಮೈಮೇಲೆ ಬೆವರಿದ್ದರೂ ಸರಿಯೇ. 112ಕ್ಕೋ 108ಕ್ಕೋ ಕರೆಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ. ನೆರಳಿಗೆ ತನ್ನಿ, ಹೊರಬಟ್ಟೆ ತೆಗೆಯಿರಿ, ಮೈಮೇಲೆ ನೀರು ಸುರಿಯಿರಿ, ರಟ್ಟಿನಿಂದಲಾದರೂ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಆ ಹೊತ್ತಿನಲ್ಲಿ ಅವರ ಬೆವರು ಮಾಡಲಾಗದ ಕೆಲಸವನ್ನು ನಿಮ್ಮ ಕೈಯಲ್ಲಿರುವ ಒಂದು ಬಕೆಟ್ ನೀರು ಮಾಡುತ್ತದೆ.